ಇಟಲಿಯಲ್ಲಿ ಅಂದ ಹೂಂ

ಇದನ್ನು ಬರೆಯುವುದನ್ನು ನಾನು ವರ್ಷಗಟ್ಟಲೆ ಮುಂದೂಡಿದ್ದೇನೆ. ಇಟಲಿಯಿಂದ ಬಂದ ಹೊಸದರಲ್ಲಿ ಊರಿನ ವಾಚನಾಲಯದವರು ಕುರ್ಚಿ ಹಾಕಿ ಕೂರಿಸಿ, ಫಾರಿನ್ನಿನ ಬಗ್ಗೆ ನಾಲ್ಕು ಮಾತು ಹೇಳಿರಿ ಅಂದಿದ್ದರು. ಹೇಳಿದೆ. ಚರ್ಚಿನ ಕಂಬ ಎಷ್ಟು ದಪ್ಪ, ಮಾಡು ಎಷ್ಟು ಎತ್ತರ, ಗಾಜಿನ ಬಣ್ಣ ಎಂಥದ್ದು, ಎಲ್ಲ ಹೇಳಿದೆ. ಚಪ್ಪಾಳೆ ಬಿತ್ತು. ಅದೇ ಚರ್ಚಿನೊಳಗಿನ ಒಂದು ಕಟ್ಟಿಗೆಯ ಪೆಟ್ಟಿಗೆಯಲ್ಲಿ ಕೂತು ನಾನು ಮಾಡಿದ್ದನ್ನು ಮಾತ್ರ ಹೇಳಲಿಲ್ಲ. ಅದನ್ನು ನನ್ನ ಹೆಂಡತಿಯ ತಮ್ಮ ಅಣ್ಣಾಸಾಬ ನಗೆಯ ಕಥೆ ಮಾಡಿ ಊರೂರಿಗೆ ಹಂಚಿದ. ನಾನೂ ಜನರ ಜೊತೆ ನಕ್ಕೆ.

ಅದು ನಗೆಯ ಕಥೆಯಲ್ಲ. ಅದನ್ನು ಸರಿಯಾಗಿ ಹೇಳಬೇಕಾದರೆ ಅದಕ್ಕೂ ಹಿಂದಿನ ಇನ್ನೊಂದನ್ನು ಹೇಳಬೇಕು. ಇದೇ ಅಣ್ಣಾಸಾಬನ ಅಂಗಳದಲ್ಲಿ, ಹತ್ತು ಜನರ ಎದುರಿಗೆ, ನಾನೊಮ್ಮೆ ಹೂಂ ಅಂದಿದ್ದೆ. ಒಂದೇ ಅಕ್ಷರ. ಅದರಿಂದ ಒಬ್ಬ ಮನುಷ್ಯನ ಕೆಲಸ ಹೋಯಿತು. ಹೆಸರೂ ಹೋಯಿತು. ಅವತ್ತಿನಿಂದ ಊರು ಅವನನ್ನು ಕಿವುಡ ಎಂದು ಕರೆಯಿತು. ಅವನ ಕಿವಿಗೆ ಏನೂ ಆಗಿರಲಿಲ್ಲ. ಅವನ ಮುಂದೆ ನಿಂತು ತಪ್ಪಾಯಿತು ಅನ್ನುವುದು ನನ್ನಿಂದ ಆಗಲಿಲ್ಲ.

ಹೋಟೆಲಿನ ಬಾಡಿಗೆ, ವಿಮಾನದ ವೇಳೆ ಬೇಕಾದವರು ಬೇರೆಯವರು ಬರೆದದ್ದನ್ನು ಓದಿಕೊಳ್ಳಲಿ. ನಾನು ಅಥಣಿಯಲ್ಲಿ ಹೈಸ್ಕೂಲು ಮುಗಿಸಿ ದ್ರಾಕ್ಷಿ ಬೆಳೆದವನು. ನನಗೆ ಬರುವಷ್ಟು ಬರೆಯುತ್ತೇನೆ.

ರೋಮ್: ಭಕ್ರಿ

ನಮ್ಮದು ಅಧ್ಯಯನ ಪ್ರವಾಸ. ಹಾಗೆಂದು ಬ್ಯಾನರಿನ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸಿದ್ದರು. ಅಥಣಿ, ಕಾಗವಾಡ, ಮಿರಜ ಕಡೆಯ ದ್ರಾಕ್ಷಿ ಬೆಳೆಗಾರರು ಇಟಲಿಯ ತೋಟಗಳನ್ನು ಅಧ್ಯಯನ ಮಾಡಿ ಬರುವುದು. ಅಧ್ಯಯನದ ಗಿರಾಕಿ ನಮ್ಮಲ್ಲಿ ಒಬ್ಬನೂ ಇರಲಿಲ್ಲ. ಒಬ್ಬನಿಗೆ ಸೊಸೈಟಿಯ ಇಲೆಕ್ಷನ್ ಇತ್ತು, ಹಾರ ಹಾಕಿಸಿಕೊಂಡ ಫೋಟೋ ಬೇಕಿತ್ತು. ಇನ್ನೊಬ್ಬನಿಗೆ ಮಗಳ ಬೀಗರ ಎದುರು ಫಾರಿನ್ ನೋಡಿದವನು ಅನ್ನಿಸಿಕೊಳ್ಳಬೇಕಿತ್ತು. ಅಣ್ಣಾಸಾಬನಿಗೆ ವಿಮಾನದಲ್ಲಿ ಕೂರಬೇಕಿತ್ತು. ನಾನು ಹೋದದ್ದು ಅಣ್ಣಾಸಾಬ ಹೋಗುತ್ತಾನಲ್ಲ ಎಂಬ ಹೊಟ್ಟೆಕಿಚ್ಚಿಗೆ.

ಸೊಸೆ ನನಗೆ ಬಿಳಿಯ ಬೂಟು ಕೊಡಿಸಿದ್ದಳು. ಅಥಣಿಯ ಚಪ್ಪಲಿಯಲ್ಲಿ ಹುಟ್ಟಿ ಬೆಳೆದ ಪಾದ ಅದು. ಬೂಟಿನೊಳಗೆ ಹೋದದ್ದೇ ಎರಡೂ ಹಿಮ್ಮಡಿಯಲ್ಲಿ ಗುಳ್ಳೆ ಎದ್ದವು. ಬಿಚ್ಚಿ ಒಗೆಯಲು ಮರ್ಯಾದೆ ಬಿಡಲಿಲ್ಲ.

ರೋಮಿನ ವಿಮಾನ ನಿಲ್ದಾಣದಲ್ಲಿ ಇಳಿದ ಕೂಡಲೇ ನಮ್ಮ ಚೀಲ ತೆಗೆಸಿದರು. ಅಣ್ಣಾಸಾಬನ ಚೀಲದಲ್ಲಿ ತಿಂಗಳಿಗೆ ಸಾಲುವಷ್ಟು ಕಡಕ್ ಭಕ್ರಿ, ಅಂದರೆ ಒಣಗಿಸಿದ ಜೋಳದ ರೊಟ್ಟಿ. ಕೈಗವಸು ಹಾಕಿದ ಅಧಿಕಾರಿ ಒಂದನ್ನು ತೆಗೆದು ಟೇಬಲ್ಲಿಗೆ ಬಡಿದು ನೋಡಿದ. ಟಕ್ ಟಕ್ ಅಂದಿತು. ದೀಪಕ್ಕೆ ಹಿಡಿದ. ಇನ್ನೊಬ್ಬನನ್ನು ಕರೆದ. ಇಬ್ಬರೂ ಸೇರಿ ಇದು ತಟ್ಟೆಯೋ, ಹೆಂಚೋ ಎಂದು ತಿರುಗಾಮುರುಗಾ ಮಾಡಿ ನೋಡಿದರು. ಅಣ್ಣಾಸಾಬ ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡು, ಕಟಕಟ ಅಗಿದು, ಹೊಟ್ಟೆ ಸವರಿ ತೋರಿಸಿದ. ನಮ್ಮ ತಂಡದ ನಾಯಕನು ಮಿರಜ ಕಡೆಯ ದೊಡ್ಡ ಮನುಷ್ಯ. ಮರಾಠಿಯನ್ನು ಜೋರಾಗಿ ಮಾತಾಡಿದರೆ ಇಟಲಿಯವರಿಗೆ ತಿಳಿಯುತ್ತದೆ ಎಂದು ಅವನ ನಂಬಿಕೆ. ಅವನು ಕೂಗಿದ, ಅವರು ಇನ್ನಷ್ಟು ಚೀಲ ತೆಗೆಸಿದರು. ಕೊನೆಗೆ ಭಕ್ರಿ ಬಿಟ್ಟು ಶೇಂಗಾ ಚಟ್ನಿಯನ್ನು ಕಸಿದುಕೊಂಡರು. ಪುಡಿಯ ಮೇಲೆ ಅವರಿಗೆ ಅನುಮಾನ.

ಚಟ್ನಿ ಇಲ್ಲದ ಕಡಕ್ ಭಕ್ರಿಯನ್ನು ಅಲ್ಲಿನ ಟೊಮೆಟೊ ಗೊಜ್ಜಿನಲ್ಲಿ ಅದ್ದಿ ತಿಂದೆವು. ಇಟಲಿಯವರ ಅಡುಗೆಯ ಬಗ್ಗೆ ಲೋಕವೇ ಹೊಗಳುತ್ತದಂತೆ. ಇರಬಹುದು. ಮೆಣಸಿನಕಾಯಿ ಕಾಣದವರ ಹೊಗಳಿಕೆ ಅದು.

ರೋಮ್: ಎಲೆ

ಮರುದಿನ ಮೂರ್ತಿಗಳ ಒಂದು ದೊಡ್ಡ ಮನೆಗೆ ಕರೆದುಕೊಂಡು ಹೋದರು. ಎಲ್ಲ ಬೆತ್ತಲೆ. ನಮ್ಮವರು ಒಳಗೆ ಕಾಲಿಟ್ಟವರೇ ಗೋಡೆಯ ಕಡೆ, ಮಾಡಿನ ಕಡೆ, ಒಬ್ಬರೊಬ್ಬರ ಬೂಟಿನ ಕಡೆ ನೋಡತೊಡಗಿದರು. ನಾಯಕನು ಮೂರ್ತಿಗೆ ಬೆನ್ನು ಕೊಟ್ಟು ಫೋಟೋ ತೆಗೆಸಿಕೊಂಡ. ಆ ಫೋಟೋ ಆಮೇಲೆ ಪೇಪರಿನಲ್ಲಿ ಬಂತು. ಅದರಲ್ಲಿ ಅವನ ತಲೆಯ ಹಿಂದೆ ಒಂದು ಕಲ್ಲಿನ ತೊಡೆ ಮಾತ್ರ ಇದೆ.

ಒಂದು ಮೂರ್ತಿಗೆ ಮಾತ್ರ ಮುಚ್ಚಬೇಕಾದ ಕಡೆ ಒಂದು ಎಲೆ ಇತ್ತು. ಕಾಗವಾಡದ ಒಬ್ಬ ಬೆಳೆಗಾರ ದೂರದಿಂದಲೇ ನೋಡಿ, ಇದು ದ್ರಾಕ್ಷಿ ಎಲೆ ಅಂದ. ಇನ್ನೊಬ್ಬ ಅಲ್ಲ ಅಂದ. ಅಲ್ಲಿಯ ತನಕ ನಾಚಿಕೊಂಡಿದ್ದವರಿಗೆ ಏನಾಯಿತೋ, ಎಲ್ಲರೂ ಮುಂದೆ ನುಗ್ಗಿ ಬಗ್ಗಿದರು. ಹಾಲೆ ಎಷ್ಟು, ನರ ಎಲ್ಲಿಂದ ಹೊರಟಿವೆ, ಅಂಚಿನಲ್ಲಿ ಹಲ್ಲು ಇವೆಯೋ ಇಲ್ಲವೋ ಎಂದು ಮೂಗು ತಾಗುವಷ್ಟು ಹತ್ತಿರದಿಂದ ವಾದ ನಡೆಯಿತು. ನಾನು ಕನ್ನಡಕ ಒರೆಸಿಕೊಂಡು ನೋಡಿ ತೀರ್ಪು ಕೊಟ್ಟೆ: ಅಂಜೂರದ್ದು. ತಲೆ ಎತ್ತಿದರೆ ಕಾವಲಿನವನು ಕೈ ಕಟ್ಟಿಕೊಂಡು ನಿಂತಿದ್ದ. ಅವನ ಮುಖ ನೋಡಿದರೆ ನಮ್ಮ ಅಧ್ಯಯನದ ಬಗ್ಗೆ ಅವನಿಗೆ ಬೇರೆಯೇ ಅಭಿಪ್ರಾಯವಿತ್ತು.

ಇಡೀ ಪ್ರವಾಸದಲ್ಲಿ ನಮ್ಮವರು ಅಷ್ಟು ಶ್ರದ್ಧೆಯಿಂದ ನೋಡಿದ್ದು ಅದೊಂದನ್ನೇ.

ದ್ರಾಕ್ಷಿ ತೋಟ

ಬಸ್ಸಿನಲ್ಲಿ ಉತ್ತರಕ್ಕೆ ಹೋದೆವು. ಗುಡ್ಡದ ಮೇಲೆ ಗುಡ್ಡ, ಎಲ್ಲದರ ಮೇಲೂ ದ್ರಾಕ್ಷಿ ಸಾಲು. ಅವರ ಬಳ್ಳಿ ಸೊಂಟದೆತ್ತರ ಮಾತ್ರ. ನಮ್ಮಲ್ಲಿ ಕಬ್ಬಿಣದ ಮೇಟಿ ನೆಟ್ಟು, ತಂತಿ ಎಳೆದು, ತಲೆಯ ಮೇಲೆ ಚಪ್ಪರ ಮಾಡಿ ಬೆಳೆಸುತ್ತೇವೆ. ಇವರದು ಮಕ್ಕಳು ಆಡಲಿಕ್ಕೆ ಮಾಡಿದ ತೋಟದ ಹಾಗಿತ್ತು. ಗೊಂಚಲಿನಲ್ಲಿ ಕಾಳು ಜೋಳದಷ್ಟಿದ್ದವು. ಇದನ್ನು ಅಥಣಿ ಪೇಟೆಗೆ ಒಯ್ದರೆ ದಲಾಲ ಬುಟ್ಟಿ ಇಳಿಸಲೂ ಬಿಡುವುದಿಲ್ಲ ಎಂದು ಅಣ್ಣಾಸಾಬ ಕನ್ನಡದಲ್ಲಿ ಹೇಳಿದ. ತೋಟದ ಮಾಲೀಕನ ಮಗ ಹೊಗಳಿಕೆ ಎಂದುಕೊಂಡು ಎದೆಯ ಮೇಲೆ ಕೈ ಇಟ್ಟು ಬಾಗಿದ.

ಆಮೇಲೆ ವೈನ್ ರುಚಿ ನೋಡುವ ಕಾರ್ಯಕ್ರಮ. ಬಾಯಲ್ಲಿ ಮುಕ್ಕಳಿಸಿ ಬಕೆಟ್ಟಿಗೆ ಉಗುಳಬೇಕಂತೆ. ಊರಲ್ಲಿ ತುಳಸಿ ಮಾಳಿ ಹಾಕಿಕೊಂಡು ಕುಡಿತ ಬಿಟ್ಟಿದ್ದ ಕೆಲವರು ಇದು ದ್ರಾಕ್ಷಿಯ ರಸವಷ್ಟೇ ಎಂದು ತಮಗೆ ತಾವೇ ಪರವಾನಿಗೆ ಕೊಟ್ಟುಕೊಂಡರು. ಬಕೆಟ್ಟು ಒಣಗಿಯೇ ಉಳಿಯಿತು.

ಹೊರಡುವ ಮುಂಚೆ ಆ ಹುಡುಗ ಔಷಧ ಹೊಡೆಯುವ ಯಂತ್ರದ ಕೊಟ್ಟಿಗೆ ತೋರಿಸಿದ. ಎರಡು ಟಾಕಿ ಇದ್ದವು, ಒಂದು ಕೆಂಪು, ಒಂದು ಬಿಳಿ. ಕಸಕ್ಕೆ ಹೊಡೆಯುವುದು ಕೆಂಪಿನಲ್ಲಿ, ಬಳ್ಳಿಗೆ ಹೊಡೆಯುವುದು ಬಿಳಿಯದರಲ್ಲಿ. ಒಂದರದು ಒಂದಕ್ಕೆ ತಾಗಬಾರದು ಎಂದು ನಮ್ಮ ಗೈಡ್ ಮರಾಠಿಯಲ್ಲಿ ತಿಳಿಸಿದ. ಅವನು ಪುಣೆಯವನು, ಅಲ್ಲಿಯವಳನ್ನೇ ಮದುವೆಯಾಗಿ ಅಲ್ಲೇ ನಿಂತಿದ್ದ.

ಅಣ್ಣಾಸಾಬ ನನ್ನ ತೋಳು ತಿವಿದ. "ನೋಡ್ರಿ ದಾಜಿ, ನಮ್ಮ ಕಿವುಡಗ ಇದನ್ನ ತೋರಸಬೇಕಿತ್ತು."

ಅಕ್ಕನ ಗಂಡನಾದ ನನ್ನನ್ನು ಅವನು ದಾಜಿ ಎಂದೇ ಕರೆಯುವುದು. ನಾನು ಕೆಂಪು ಟಾಕಿಯನ್ನೇ ನೋಡುತ್ತ ನಿಂತೆ.

ಈಗ ಆ ಮಾತು ಹೇಳಿಬಿಡುತ್ತೇನೆ. ಇಟಲಿಗೆ ಹೋಗುವುದಕ್ಕೂ ಕೆಲವು ವರ್ಷ ಹಿಂದೆ, ಅಕ್ಟೋಬರಿನ ಚಾಟಣಿ, ಅಂದರೆ ಬಳ್ಳಿ ಕತ್ತರಿಸುವ ಕೆಲಸ ಮುಗಿದು, ಅಣ್ಣಾಸಾಬನ ತೋಟದಲ್ಲಿ ಚಿಗುರು ಗೇಣುದ್ದ ಬಂದಿತ್ತು. ಅವನ ಪಂಪು ಕೆಟ್ಟಿತ್ತು. ನನ್ನ ಪಂಪು, ನೀಲಿ ಬ್ಯಾರಲ್ ಎರಡನ್ನೂ ಒಯ್ಯಲು ತನ್ನ ಆಳನ್ನು ಕಳಿಸಿದ. ಅದೇ ಬ್ಯಾರಲ್ಲಿನಲ್ಲಿ ನಾನು ಹಿಂದಿನ ದಿನ ಕಬ್ಬಿನ ಕಸ ಸುಡುವ ಔಷಧ ಕಲಸಿದ್ದೆ. ಅದು ಕಬ್ಬಿಗೆ ಏನೂ ಮಾಡುವುದಿಲ್ಲ. ದ್ರಾಕ್ಷಿಗೆ ಆ ಬ್ಯಾರಲ್ ತೊಳೆದ ನೀರು ತಾಗಿದರೂ ಸಾಕು, ಚಿಗುರು ಸಾಯುತ್ತದೆ. ತೊಳೆದುಕೋ ಎಂದು ನಾನು ಹೇಳಬೇಕಿತ್ತು. ಕಟ್ಟೆಯ ಮೇಲೆ ಪೇಪರ್ ಓದುತ್ತ ಕೂತಿದ್ದೆ. ಚಕ್ಕಡಿ ತಿರುವು ದಾಟಿದ ಮೇಲೆ ನೆನಪಾಯಿತು. ಎದ್ದು ಕೂಗಿದ್ದರೆ ಕೇಳಿಸುತ್ತಿತ್ತು. ಯಾರು ಏಳುತ್ತಾರೆ, ತೊಳೆಯದೆ ಯಾರಾದರೂ ಔಷಧ ಕಲಸುತ್ತಾರೆಯೇ ಎಂದುಕೊಂಡು ಪುಟ ತಿರುವಿದೆ.

ವಾರದೊಳಗೆ ಚಿಗುರೆಲ್ಲ ಮುರುಟಿತು. ಎಲೆಗಳು ಬೀಸಣಿಗೆಯ ಹಾಗೆ ಮಡಿಕೆ ಮಡಿಕೆಯಾಗಿ, ನರ ಒತ್ತೊತ್ತಾಗಿ, ಅಂಚು ಒಳಗೆ ಸುತ್ತಿಕೊಂಡವು. ಗೊಂಚಲು ಕರಗಿದವು. ತೋಟ ಸತ್ತ ಹಾಗೆಯೇ.

ಅಂಗಳದಲ್ಲಿ ಜನ ಕೂಡಿದರು. ಆಳನ್ನು ನಡುವೆ ನಿಲ್ಲಿಸಿದರು. ನನ್ನ ಮಾವ, ಅಣ್ಣಾಸಾಬನ ತಂದೆ, ಆಗ ಇನ್ನೂ ಇದ್ದರು. ಅಳಿಯನ ಮಾನ ಉಳಿಸುವ ಪ್ರಶ್ನೆಯನ್ನೇ ಹುಡುಕಿ ಕೇಳಿದರು: "ಅಳಿಯಂದ್ರ, ಬ್ಯಾರಲ್ ತೊಳಿ ಅಂತ ಇವಗ ನೀವು ಹೇಳಿದ್ರಿಲ್ಲ?"

ನಾನು ಹೂಂ ಅಂದೆ.

ಅವನು ನನ್ನನ್ನು ನೋಡಿದ. ಬಹಳ ಹೊತ್ತೇನೂ ಅಲ್ಲ. ಆಮೇಲೆ ಮಾವನ ಕಡೆ ತಿರುಗಿ ಹೇಳಿದ: "ಸಾವಕಾರ್ರು ಹೇಳ್ಯಾರಂದ್ರ ಹೇಳಿರಬೇಕ್ರಿ. ನನಗ ಕೇಳಿಸಿರಲಿಕ್ಕಿಲ್ಲ."

ಯಾರೋ ನಕ್ಕು, ಕಿವುಡ ಅದಾನ ಬಿಡ್ರಿ ಅಂದರು. ಅಷ್ಟೇ. ಹೆಸರಿಡುವ ಕಾರ್ಯ ಮುಗಿಯಿತು. ತೋಟ ಸುಟ್ಟ ಕಿವುಡನಿಗೆ ಆಮೇಲೆ ಯಾರೂ ಪಂಪು ಕೊಡಲಿಲ್ಲ. ಅವನು ಹೆಂಡತಿಯನ್ನು ಕರೆದುಕೊಂಡು ಊರು ಬಿಟ್ಟು ಹಾರೂಗೇರಿಗೆ ಹೋದ.

ಗುಡ್ಡದ ಮೇಲಿನ ಚರ್ಚು

ಆ ಊರಿನ ಹೆಸರು ನನ್ನ ನಾಲಗೆಗೆ ಅವತ್ತೂ ಹೊರಳಲಿಲ್ಲ, ಇವತ್ತೂ ಹೊರಳುವುದಿಲ್ಲ. ಗುಡ್ಡದ ತುದಿಯಲ್ಲಿ ಒಂದು ಕೋಟೆ, ಕೋಟೆಯೊಳಗೆ ನಮ್ಮ ಓಣಿಯಷ್ಟು ಊರು, ನಡುವೆ ಚರ್ಚು. ಬಸ್ಸು ಕೆಳಗೇ ನಿಂತಿತು. ಗುಳ್ಳೆ ಎದ್ದ ಕಾಲಲ್ಲಿ ಹತ್ತಿದೆ. ಪ್ರತಿ ಹೆಜ್ಜೆಗೂ ಸೊಸೆಯನ್ನು ನೆನೆದೆ, ಪ್ರೀತಿಯಿಂದಲ್ಲ.

ಹೊರಗಿನಿಂದ ನೋಡಿದರೆ ಅದು ಗೋದಾಮು. ಬರಿ ಇಟ್ಟಿಗೆ, ಗಿಲಾವು ಇಲ್ಲ, ಇಟ್ಟಿಗೆಯ ನಡುವೆ ಪಾರಿವಾಳದ ಗೂಡು. ಮುಂಭಾಗಕ್ಕೆ ಅಮೃತಶಿಲೆ ಹೊದಿಸಬೇಕಿತ್ತು, ಕೆಲಸ ನಿಂತುಹೋಯಿತು, ನೂರಾರು ವರ್ಷವಾಯಿತು ಎಂದು ಗೈಡ್ ಹೇಳಿದ. ನಮ್ಮವರ ಮುಖ ಅರಳಿತು. ಇಷ್ಟು ದಿನದಲ್ಲಿ ಮೊದಲ ಸಲ ನಮ್ಮ ಕಡೆಯ ಕಾಮಗಾರಿ ಕಂಡಂತಾಗಿತ್ತು. ಗುತ್ತಿಗೆದಾರ ಯಾರು ಅಂತ ಕೇಳ್ರಿ ಎಂದು ಒಬ್ಬ ಕೂಗಿದ.

ನಾನೂ ನಕ್ಕುಕೊಂಡೇ ಒಳಗೆ ಹೋದೆ. ಒಳಗೆ ಹೋದ ಮೇಲೆ ನಗು ಎಲ್ಲಿ ಇಡಬೇಕೆಂದು ತಿಳಿಯಲಿಲ್ಲ.

ಹೊರಗೆ ಸುಡುವ ಬಿಸಿಲು, ಒಳಗೆ ಬಾವಿಯ ತಂಪು. ಕಂಬಗಳು ನೆಲದಿಂದ ಎದ್ದು ಎಷ್ಟೋ ಎತ್ತರಕ್ಕೆ ಹೋಗಿ, ಅಲ್ಲಿ ಬೆರಳು ಬಿಡಿಸಿದ ಹಾಗೆ ಒಡೆದು, ಎದುರಿನ ಕಂಬದ ಬೆರಳುಗಳಿಗೆ ಸೇರಿಕೊಂಡಿದ್ದವು. ಮಾಡಿನ ಭಾರ ಎಲ್ಲಿ ಕೂತಿದೆ ಎಂದು ನೋಡಿದರೆ ಎಲ್ಲೂ ಕೂತಿಲ್ಲ. ಹೈಸ್ಕೂಲಿನಲ್ಲಿದ್ದಾಗ ವಿಜಾಪುರದ ಗೋಳಗುಮ್ಮಟ ತೋರಿಸಿದ್ದರು. ಅಲ್ಲಿ ನಾನು ಸಣ್ಣವನಾದೆ ಅನ್ನಿಸಿತ್ತು. ಇಲ್ಲಿ ಹಾಗಲ್ಲ. ಇಲ್ಲಿ ಯಾರೋ ಹಿಂದಿನಿಂದ ಕಂಕುಳಿಗೆ ಕೈ ಹಾಕಿ ಎತ್ತಿದ ಹಾಗಾಯಿತು. ಬಣ್ಣದ ಗಾಜಿನಿಂದ ಬಿಸಿಲು ಬಿದ್ದು ನಾಯಕನ ಬಿಳಿಯ ಅಂಗಿ ನೇರಳೆಯಾಗಿತ್ತು. ಅವನು ಅದರ ಪರಿವೆ ಇಲ್ಲದೆ, ಯಾವ ಕಂಬದ ಹತ್ತಿರ ಫೋಟೋ ಚೆನ್ನಾಗಿ ಬರುತ್ತದೆ ಎಂದು ಕಂಬ ಕಂಬಕ್ಕೂ ಬೆನ್ನು ಒರಗಿಸಿ ನೋಡುತ್ತಿದ್ದ.

ಕಂಬದ ತಲೆಗೆ ಸುತ್ತಲೂ ದ್ರಾಕ್ಷಿ ಬಳ್ಳಿ ಕೆತ್ತಿದ್ದರು. ಕಲ್ಲಿನವನಿಗೆ ಬಳ್ಳಿ ಏನು ಗೊತ್ತು ಎಂದು ತಪ್ಪು ಹುಡುಕಲು ನಿಂತೆ. ದ್ರಾಕ್ಷಿಯ ಕುಡಿ, ಅಂದರೆ ತಂತಿಗೆ ಸುತ್ತಿಕೊಳ್ಳುವ ಎಳೆ, ಎಲೆಯ ಬಗಲಿನಲ್ಲಿ ಹುಟ್ಟುವುದಿಲ್ಲ, ಎಲೆಯ ಎದುರು ಮಗ್ಗುಲಲ್ಲಿ ಹುಟ್ಟುತ್ತದೆ. ಕ್ಯಾಲೆಂಡರಿನ ಚಿತ್ರದವರು ಯಾರೂ ಇದನ್ನು ಸರಿಯಾಗಿ ಬರೆಯುವುದಿಲ್ಲ. ಇಲ್ಲಿ ಸರಿಯಾಗಿತ್ತು. ಮುಂದಿನ ಕಂಬ ನೋಡಿದೆ. ಅಲ್ಲೂ ಸರಿ. ನೆಲದಿಂದ ಸುಲಭಕ್ಕೆ ಕಣ್ಣಿಗೆ ಬೀಳದ ಎತ್ತರದಲ್ಲಿ, ಯಾರೂ ತಪ್ಪು ಹಿಡಿಯದ ಕಡೆ, ಅವನು ಸುಳ್ಳು ಹೇಳಿರಲಿಲ್ಲ. ನನಗೆ ಸಿಟ್ಟು ಬಂತು.

ಮುಂದಿನ ಗೋಡೆಯ ಮೇಲೆ ಒಂದು ದೊಡ್ಡ ಚಿತ್ರ. ಶಿಲುಬೆಯ ಬುಡದಿಂದ ದ್ರಾಕ್ಷಿ ಬಳ್ಳಿ ಹೊರಟು ಇಡೀ ಗೋಡೆಗೆ ಹಬ್ಬಿದೆ. ಗೊಂಚಲುಗಳ ನಡುವೆ ಸಂತರ ಮುಖಗಳು. ಇದರಲ್ಲಾದರೂ ತಪ್ಪು ಸಿಕ್ಕಿತು. ಆ ಬಳ್ಳಿಯನ್ನು ಯಾರೂ ಯಾವತ್ತೂ ಕತ್ತರಿಸಿಯೇ ಇಲ್ಲ. ಒಂದೊಂದು ಕಡ್ಡಿಗೆ ಬಿಟ್ಟ ಗೊಂಚಲಿಗೆ ನಮ್ಮ ಮೇಟಿಗಳು ಮುರಿದು ಬೀಳುತ್ತವೆ. ಹಣ್ಣಿಗೆ ಸಕ್ಕರೆ ಏರುವುದಿಲ್ಲ, ಬರಿ ಹುಳಿ. ಇದನ್ನು ಅಣ್ಣಾಸಾಬನಿಗೆ ಹೇಳಬೇಕೆಂದು ತಿರುಗಿದವನು ಅಲ್ಲೇ ನಿಂತೆ.

ಗೋಡೆಯ ಎಡಗಡೆಯ ಕೆಳಮೂಲೆಯಲ್ಲಿ ತೇವ ಹಿಡಿದು ಬಣ್ಣ ಎದ್ದಿತ್ತು. ಅಲ್ಲಿಯ ಎಲೆಗಳೆಲ್ಲ ಮಡಿಕೆ ಮಡಿಕೆಯಾಗಿ, ಅಂಚು ಒಳಗೆ ಸುತ್ತಿಕೊಂಡಿದ್ದವು. ಎಲೆಗಳ ನಡುವೆ ಇದ್ದ ಸಂತನೊಬ್ಬನ ಮುಖ ಉದುರಿಹೋಗಿತ್ತು. ಒಂದು ಕಿವಿ ಉಳಿದಿತ್ತು.

ಕೂರಲು ಜಾಗ ಹುಡುಕಿದೆ. ಬೂಟಿನ ಮೇಲೆ ಹಾಕಿ ಹೇಳಬಹುದು. ಆಗ ಹಾಗೆಯೇ ಹೇಳಿಕೊಂಡೆ.

ಪೆಟ್ಟಿಗೆ

ಗೋಡೆಯ ಪಕ್ಕದಲ್ಲಿ ಕಪ್ಪು ಕಟ್ಟಿಗೆಯ ಒಂದು ದೊಡ್ಡ ಪೆಟ್ಟಿಗೆ ಇತ್ತು, ಕಪಾಟಿನ ಹಾಗೆ. ನಡುವೆ ನೇರಳೆ ಪರದೆ, ಎರಡೂ ಬದಿಗೆ ಸಣ್ಣ ಜಾಲರಿ. ಎಸ್.ಟಿ.ಡಿ. ಬೂತ್ ಇರಬೇಕು ಎಂದು ಅಣ್ಣಾಸಾಬ ಹೇಳಿ ಮುಂದೆ ಹೋದ. ಪರದೆ ಸರಿಸಿದೆ. ಫೋನ್ ಇರಲಿಲ್ಲ, ಮೆತ್ತೆ ಹಾಕಿದ ಕುರ್ಚಿ ಇತ್ತು. ಸುತ್ತಲೂ ಯಾರೂ ನೋಡುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು ಒಳಗೆ ಕೂತು, ಪರದೆ ಎಳೆದುಕೊಂಡು, ಬೂಟು ಬಿಚ್ಚಿದೆ. ಒಳಗೆ ಕತ್ತಲೆ. ಮೇಣದ ವಾಸನೆ, ಹಳೆಯ ಕಟ್ಟಿಗೆಯ ವಾಸನೆ. ಇಟಲಿಯಲ್ಲಿ ನನಗೆ ಸಿಕ್ಕ ಮೊದಲ ಸುಖ ಅದು.

ಕಣ್ಣು ಮುಚ್ಚುವಷ್ಟರಲ್ಲಿ ಎಡಗಡೆಯ ಹಲಗೆ ಕಿರ್ ಅಂದಿತು. ಯಾರೋ ಮೊಣಕಾಲೂರಿದ ಸಪ್ಪಳ. ಜಾಲರಿಯ ಆಚೆಯಿಂದ ಒಬ್ಬ ಮುದುಕಿಯ ದನಿ, ಪಿಸುಪಿಸು ಎಂದು ಶುರುವಾಯಿತು. ಇಲ್ಲಿ ಕೂರಬಾರದು ಎಂದು ಬಯ್ಯುತ್ತಿದ್ದಾಳೆ ಎಂದುಕೊಂಡೆ. ಬೂಟಿಗೆ ಕೈ ಹಾಕಿದೆ. ಅದು ಬಯ್ಗುಳದ ದನಿಯಾಗಿರಲಿಲ್ಲ. ನಮ್ಮ ಕಡೆಯ ಹೆಂಗಸರು ತವರಿನವರು ಸಿಕ್ಕಾಗ ಬಾವಿ ಕಟ್ಟೆಯ ಮೇಲೆ ಕೂತು ಹೇಳಿಕೊಳ್ಳುತ್ತಾರಲ್ಲ, ಆ ದನಿ. ಸ್ವಲ್ಪ ಹೇಳಿ ಅವಳು ನಿಂತಳು. ಕಾಯುತ್ತಿದ್ದಳು.

ನಮ್ಮಲ್ಲಿ ಯಾರಾದರೂ ಏನಾದರೂ ಹೇಳುವಾಗ ಕೇಳುವವನು ಹೂಂ ಅನ್ನಬೇಕು. ಅನ್ನದಿದ್ದರೆ ಹೇಳುವವರಿಗೆ ಮುಂದೆ ಸಾಗುವುದಿಲ್ಲ. ಸಣ್ಣವರಿದ್ದಾಗ ಅಜ್ಜಿ ಕಥೆ ನಿಲ್ಲಿಸಿ, ಹೂಂ ಅನ್ನ ಮತ್ತ, ಎಂದು ತೊಡೆ ತಟ್ಟುತ್ತಿದ್ದಳು. ಆ ಅಭ್ಯಾಸ. ನನ್ನ ಬಾಯಿಂದ ಬಂದೇಬಿಟ್ಟಿತು.

"ಹೂಂ," ಅಂದೆ.

ಅವಳು ಮುಂದುವರಿಸಿದಳು. ಒಂದು ಹೆಸರು ಮತ್ತೆ ಮತ್ತೆ ಬರುತ್ತಿತ್ತು. ಯಾರದೋ ಹೆಸರು, ಗಂಡಸಿನದೋ ಹೆಂಗಸಿನದೋ ತಿಳಿಯಲಿಲ್ಲ. ಆ ಹೆಸರಿನ ಹತ್ತಿರ ಬಂದಾಗಲೆಲ್ಲ ಅವಳ ದನಿ ಎಡವುತ್ತಿತ್ತು. ನಾನು ಹೂಂ ಅನ್ನುತ್ತ ಹೋದೆ. ನಿಲ್ಲಿಸಲು ಗೊತ್ತಾಗಲಿಲ್ಲ. ಕೊನೆಗೆ ಅವಳು ಅತ್ತಳು. ಸಪ್ಪಳವಿಲ್ಲದ ಅಳು, ಉಸಿರು ಮಾತ್ರ ಜಾಲರಿಗೆ ಬಂದು ತಾಗುತ್ತಿತ್ತು. ಅತ್ತು ಮುಗಿಸಿ ಮತ್ತೆ ಕಾದಳು. ಈ ಸಲ ಹೂಂ ಸಾಲುವುದಿಲ್ಲ ಎಂದು ನನಗೂ ತಿಳಿಯಿತು.

"ಆತು ಬಿಡವ್ವಾ," ಅಂದೆ. "ಆದದ್ದ ಆತು."

ಅಲ್ಲಿಯ ಪಾದ್ರಿಗಳು ಬೇರೆ ಬೇರೆ ದೇಶದವರು ಇರುತ್ತಾರಂತೆ. ಅವಳಿಗೆ ಏನು ಅನ್ನಿಸಿತೋ, ಜಾಲರಿಯ ಮೇಲೆ ಬೆರಳು ಒತ್ತಿ ಹಿಡಿದಳು. ಉಗುರು ಬಿಳಿಚಿದ್ದು ಕಂಡಿತು. ಆಮೇಲೆ ಎದ್ದು ಹೋದಳು. ಪರದೆಯ ಸಂದಿಯಿಂದ ನೋಡಿದೆ. ಕಪ್ಪು ಸ್ವೆಟರ್, ಕೋಲು, ಕೈಚೀಲದಿಂದ ಹೊರಗೆ ಚಾಚಿದ ಸೊಪ್ಪಿನ ಕಟ್ಟು. ಬೆಂಚಿನ ಮೇಲೆ ಕೂತು ತಲೆ ಬಗ್ಗಿಸಿದಳು. ಸ್ವಲ್ಪ ಹೊತ್ತಿಗೆ ಎದ್ದು ಬಾಗಿಲ ಕಡೆ ನಡೆದಾಗ ಕೋಲನ್ನು ಊರದೆ ಕಂಕುಳಲ್ಲಿ ಇಟ್ಟುಕೊಂಡಿದ್ದಳು.

ಬರಿಗಾಲಲ್ಲಿ, ಬೂಟು ಕೈಯಲ್ಲಿ ಹಿಡಿದು ನಾನು ಹೊರಗೆ ಬರುವುದಕ್ಕೂ ಚರ್ಚಿನವನೊಬ್ಬ ಎದುರಾಗುವುದಕ್ಕೂ ಸರಿಹೋಯಿತು. ಅವನು ಎರಡೂ ಕೈ ಎತ್ತಿ ಕೂಗಾಡಿದ. ಗೈಡ್ ಓಡಿ ಬಂದ. ಮಾತು ಮುಗಿದ ಮೇಲೆ ಅವನ ಮುಖ ಕೆಂಪಾಗಿತ್ತು, ನಗು ತಡೆದುಕೊಂಡದ್ದಕ್ಕೆ. ಅದು ಪಾದ್ರಿ ಕೂರುವ ಜಾಗ, ಜನ ಬಂದು ತಾವು ಮಾಡಿದ ಪಾಪ ಹೇಳಿಕೊಳ್ಳುತ್ತಾರೆ, ಅವನು ಕೇಳಿ ದೇವರ ಪರವಾಗಿ ಕ್ಷಮಿಸುತ್ತಾನೆ ಎಂದು ತಿಳಿಸಿದ. ಒಳಗೆ ಯಾರಾದರೂ ಬಂದಿದ್ದರೇ ಎಂದು ಕೇಳಿದ.

ಬಂದಿದ್ದರು ಅಂದೆ.

ಬಸ್ಸು

ಗುಡ್ಡ ಇಳಿಯುವಷ್ಟರಲ್ಲಿ ನಾನು ಫಾದರ್ ಆಗಿದ್ದೆ. ಬಸ್ಸಿನಲ್ಲಿ ಒಬ್ಬೊಬ್ಬರೇ ನನ್ನ ಸೀಟಿನ ಹತ್ತಿರ ಬಂದು, ಮೊಣಕಾಲೂರಿ, ತಾವು ಮಾಡಿದ ಪಾಪ ಹೇಳಿದರು. ಒಬ್ಬ ಒಣದ್ರಾಕ್ಷಿಗೆ ಗಂಧಕದ ಹೊಗೆ ಜಾಸ್ತಿ ಕೊಟ್ಟದ್ದನ್ನು ಹೇಳಿದ. ಒಬ್ಬ ಪಕ್ಕದ ಹೊಲದವನ ಪಾಳಿಯ ನೀರು ತಿರುಗಿಸಿಕೊಂಡದ್ದನ್ನು ಹೇಳಿದ. ಎಲ್ಲ ನಗುತ್ತ ಹೇಳಿದರು, ಎಲ್ಲವೂ ನಿಜವಾದವು. ನಾಯಕನು ಮಾತ್ರ ತನಗೆ ಪಾಪವೇ ನೆನಪಾಗುತ್ತಿಲ್ಲ ಅಂದ. ಅದು ಪೂರಾ ಸುಳ್ಳು, ಬಸ್ಸಿಗೆಲ್ಲ ಗೊತ್ತಿತ್ತು.

ನಗು ತಗ್ಗಿದ ಮೇಲೆ ಅಣ್ಣಾಸಾಬ ನನ್ನ ಪಕ್ಕದಲ್ಲಿ ಬಂದು ಕೂತ. ಆಮೇಲೆ ಕಿಟಕಿಯ ಕಡೆ ನೋಡುತ್ತ ಹೇಳಿದ.

"ದಾಜಿ, ಆ ಕಿವುಡನ್ನ ಒಯ್ದು ಅದರಾಗ ಕುಂಡ್ರಸಬೇಕಿತ್ತ ನೋಡ್ರಿ. ಒಮ್ಮೆರೆ ತಪ್ಪಾತರಿ ಅಂತ ಬಾಯಿ ಬಿಟ್ಟ ಅಂದಿದ್ರ ನಾ ಕೆಲಸದಿಂದ ತಗೀತಿರಲಿಲ್ಲ. ಕೇಳಸಲಿಲ್ಲ ಅಂದ. ಅದ ನನಗ ಸಿಟ್ಟ."

ಹೇಳಲು ಇದಕ್ಕಿಂತ ಒಳ್ಳೆಯ ವೇಳೆ ಇರಲಿಲ್ಲ. ಮಾವ ತೀರಿಕೊಂಡಿದ್ದರು, ಅಂಗಳ ದೂರವಿತ್ತು, ಪಕ್ಕದಲ್ಲಿ ತೋಟ ಕಳೆದುಕೊಂಡವನೇ ಕೂತಿದ್ದ. ಆ ಮುದುಕಿ ಪರಿಚಯವಿಲ್ಲದ ಜಾಲರಿಗೆ ಬಾಯಿ ಹಚ್ಚಿ ಹೇಳಿದ್ದಳು. ನನಗೆ ಜಾಲರಿಯೂ ಬೇಕಿರಲಿಲ್ಲ.

"ಹೂಂ," ಅಂದೆ.

ಅಣ್ಣಾಸಾಬ ನಿದ್ದೆ ಹೋದ. ನಾನು ಮುಂಬೈ ತನಕ ಎಚ್ಚರವಿದ್ದೆ ಎಂದು ಬರೆದರೆ ಚೆನ್ನಾಗಿರುತ್ತದೆ. ಸುಳ್ಳು. ನಾನೂ ನಿದ್ದೆ ಮಾಡಿದೆ.

ಹಾರೂಗೇರಿ

ಪ್ರವಾಸ ಕಥನ ಊರಿಗೆ ಬಂದ ಮೇಲೆ ಮುಗಿಯಬೇಕು. ನನ್ನದು ಹಾರೂಗೇರಿಯ ಬಸ್ ಸ್ಟ್ಯಾಂಡಿನ ತನಕ ಹೋಗಬೇಕಾಗಿದೆ.

ಬಂದ ವರ್ಷವೇ ಹೋದೆ. ಬೂಟು ಬಿಟ್ಟು ಚಪ್ಪಲಿ ಹಾಕಿಕೊಂಡು, ಹೇಳಬೇಕಾದ ಮಾತನ್ನು ಬಸ್ಸಿನಲ್ಲಿ ಬಾಯಿಪಾಠ ಮಾಡಿಕೊಂಡು ಹೋದೆ. ಬಸ್ ಸ್ಟ್ಯಾಂಡಿನಲ್ಲಿ ಅವನು ಹಾಕಿಕೊಂಡಿದ್ದ ಚಹಾದ ಅಂಗಡಿ ಅಂದರೆ ನಾಲ್ಕು ಹಲಗೆ, ಒಂದು ಸ್ಟೋವ್, ಕೂರಲಿಕ್ಕೆ ಒಂದು ಬೆಂಚು. ಒಳಗೆ ನೀಲಿ ಬಟ್ಟೆ ಹಾಸಿ ಬುದ್ಧನ ಫೋಟೋ ಇಟ್ಟಿದ್ದ. ಊರು ಬಿಟ್ಟರೂ ಆ ಹೆಸರು ಅವನನ್ನು ಬಿಟ್ಟಿರಲಿಲ್ಲ. ಕಬ್ಬಿನ ಟ್ರ್ಯಾಕ್ಟರಿನವರು ದೂರದಿಂದಲೇ, ಏ ಕಿವುಡ, ಎರಡ ಚಾ, ಎಂದು ಕೂಗುತ್ತಿದ್ದರು. ಅವರು ಎರಡು ಅನ್ನುವ ಮುಂಚೆಯೇ ಅವನ ಕೈ ಗ್ಲಾಸಿಗೆ ಹೋಗಿರುತ್ತಿತ್ತು.

ನನ್ನನ್ನು ನೋಡಿದವನೇ ಬೆಂಚು ಒರೆಸಿದ. "ಬರ್ರಿ ಸಾವಕಾರ್ರ, ಕುಂಡ್ರ್ರಿ."

ಬಾಯಿಪಾಠ ಮಾಡಿದ್ದು ಬಾಯಿಗೆ ಬರಲಿಲ್ಲ. ಎಲ್ಲಿಂದಲಾದರೂ ಶುರು ಮಾಡಿ ಅಲ್ಲಿಗೆ ಮುಟ್ಟೋಣ ಎಂದು ಇಟಲಿಯಿಂದ ಶುರು ಮಾಡಿದೆ. ಭಕ್ರಿ ಬಡಿದು ನೋಡಿದ್ದು ಹೇಳಿದೆ; ಅವನು ನಕ್ಕ. ಎಲೆಯ ವಾದ ಹೇಳಿದೆ. ಗ್ಲಾಸು ತೊಳೆಯುವುದನ್ನು ಬಿಟ್ಟು ನಕ್ಕ. ಚರ್ಚಿನ ಕಂಬ, ಕಂಬದ ಬಳ್ಳಿ ಹೇಳಿದೆ. ಪ್ರತಿ ಮಾತಿಗೂ ಹೂಂ ಅನ್ನುತ್ತಿದ್ದ. ಕೆಂಪು ಟಾಕಿ, ಬಿಳಿ ಟಾಕಿಯನ್ನು ದಾಟಿ ಮುಂದೆ ಹೋದೆ. ಮುದುಕಿಯ ಹತ್ತಿರ ಬಂದೆ. ಅವಳು ಕೋಲು ಕಂಕುಳಲ್ಲಿ ಇಟ್ಟುಕೊಂಡು ಹೋದದ್ದರ ತನಕ ಹೇಳಿದೆ. ಇನ್ನು ಮುಂದಿನ ಮಾತು ಅದೇ.

ಅವನು ಒಂದು ಗ್ಲಾಸನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದ.

"ಆಕಿ ಏನ ಅಂದ್ಲು ಅನ್ನೂದು ನಿಮಗ ತಿಳೀಲಿಲ್ಲಲ್ರಿ?"

"ಇಲ್ಲ."

"ಮತ್ತ ಹೂಂ ಯಾಕ ಅಂದ್ರಿ?"

ಕಥೆ ಕೇಳಿದವನು ಕೇಳುವ ಪ್ರಶ್ನೆಯೇ ಅದು. ಬೇರೆ ಏನೂ ಇರಲಿಕ್ಕಿಲ್ಲ. ಅವನ ಮುಖ ನೋಡಿದೆ. ಅಂಗಳದಲ್ಲಿ ನನ್ನನ್ನು ನೋಡಿದ ಹಾಗೆಯೇ ನೋಡುತ್ತಿದ್ದ, ಬಹಳ ಹೊತ್ತೇನೂ ಅಲ್ಲ.

"ಹಂಗ... ಬಾಯಾಗ ಬಂತು," ಅಂದೆ.

"ಬರತೈತ್ರಿ," ಅಂದ. "ಒಮ್ಮೊಮ್ಮೆ ಬರತೈತಿ." ಗ್ಲಾಸು ಕೆಳಗಿಟ್ಟು ಅದಕ್ಕೇ ಚಹಾ ಸೋಸಿ ನನ್ನ ಮುಂದೆ ಇಟ್ಟ.

ಅಷ್ಟರಲ್ಲಿ ಅಥಣಿಯ ಬಸ್ಸು ಬಂತು. ಅದರ ಹಿಂದೆ ಇನ್ನೊಂದು ಬಸ್ಸು ಇತ್ತು. ನಾನು ಮೊದಲನೆಯದನ್ನೇ ಹತ್ತಿದೆ.

ಆಮೇಲೆ ಎಷ್ಟೋ ಸಲ ಆ ದಾರಿಯಲ್ಲಿ ಹೋದೆ. ಕಿಟಕಿಯಿಂದ ಅಂಗಡಿ ಕಾಣುತ್ತಿತ್ತು. ಇಳಿಯಲಿಲ್ಲ. ಒಂದು ಸಲ ಹಲಗೆಗಳು ಇರಲಿಲ್ಲ. ಇಳಿದು ಪಕ್ಕದ ಬಾಳೆಹಣ್ಣಿನವನನ್ನು ಕೇಳಿದೆ. ಕಿವುಡ ತೀರಿಕೊಂಡ, ಹೆಂಡತಿ ತವರಿಗೆ ಹೋದಳು ಅಂದ. ಅವನ ಹೆಸರು ಗೊತ್ತೇ ಎಂದು ಕೇಳಿದೆ. ಬಾಳೆಹಣ್ಣಿನವನು ಯೋಚಿಸಿ, ಹೆಸರ ಏನಿತ್ತೋ ಏನೋ ಯಪ್ಪಾ, ಎಲ್ಲಾರೂ ಕಿವುಡ ಅಂತಿದ್ವಿ, ಅಂದ.

ಅಣ್ಣಾಸಾಬ ಇದನ್ನು ಓದುತ್ತಾನೆ. ಓದಲಿ. ಬ್ಯಾರಲ್ ತೊಳೆದುಕೋ ಎಂದು ನಾನು ಹೇಳಿರಲಿಲ್ಲ. ಹೇಳಿದ್ದರೆ ಊರು ಕಿವುಡ ಅಂದವನಿಗೆ ಕೇಳಿಸುತ್ತಿತ್ತು. ಅವನ ಹೆಸರು ಲಗಮಣ್ಣ ಕಾಂಬಳೆ.